ಶ್ರೀರಾಂಪುರದ ಬಾಗಿಲಿಗೆ ನಾನು ಹಾಕಿದ ರೈಟ್ ಗುರುತು

ಚಿತ್ರದುರ್ಗದಲ್ಲಿ ಮೋಟಾರ್ ಶಟರ್ ಕೂರಿಸಿಕೊಡುವ ವರ್ಕ್‌ಶಾಪೊಂದರ ಆಫೀಸಿನಲ್ಲಿ ನಾನು ಕೆಲಸ ಮಾಡುತ್ತೇನೆ. ತುರುವನೂರಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ವಾಪಸ್ ಹೋಗುತ್ತೇನೆ. ಫೋನು ಎತ್ತುವುದು, ಯಾವ ಮೆಕ್ಯಾನಿಕ್ ಯಾವ ಊರಿಗೆ ಹೋಗಬೇಕೆಂದು ಪಟ್ಟಿ ಮಾಡುವುದು, ಅವರು ಪರೀಕ್ಷಿಸಿದ ಬಾಗಿಲುಗಳ ವಿವರವನ್ನು ರಿಜಿಸ್ಟರಿಗೆ ಏರಿಸುವುದು ನನ್ನ ಪಾಲಿನ ಕೆಲಸ. ಅಂಗಡಿ, ಗೋದಾಮುಗಳ ಬಾಗಿಲುಗಳ ಜೊತೆಗೆ ಈಚೆಗೆ ಮನೆಗಳ ಕಾರ್ ಶೆಡ್ಡುಗಳೂ ಸೇರಿಕೊಂಡಿವೆ. ಸ್ವಿಚ್ ಒತ್ತಿದರೆ ತಾನಾಗಿ ಏರಿ ತಾನಾಗಿ ಇಳಿಯುವ ಬಾಗಿಲುಗಳು ಅವು.

ತಿಂಗಳಿಗೊಮ್ಮೆ ಅಂಥ ಪ್ರತಿಯೊಂದು ಬಾಗಿಲಿಗೂ ಎರಡು ಪರೀಕ್ಷೆ ಆಗಬೇಕು. ನೆಲದ ಮೇಲೆ ಮರದ ಹಲಗೆಯೊಂದನ್ನಿಟ್ಟು ಬಾಗಿಲು ಇಳಿಸುತ್ತಾರೆ. ಹಲಗೆಗೆ ತಾಗಿದ ಕೂಡಲೇ ಅದು ವಾಪಸ್ ಮೇಲೇರಬೇಕು. ಇನ್ನು ಬಾಗಿಲಿನ ಎರಡೂ ಪಕ್ಕದಲ್ಲಿ, ಪಾದಕ್ಕಿಂತ ಸ್ವಲ್ಪ ಮೇಲೆ, ಸೆನ್ಸರ್ ಇರುತ್ತದೆ. ನಮ್ಮವರು ಅದನ್ನು ಕಣ್ಣು ಅನ್ನುತ್ತಾರೆ. ಬಾಗಿಲು ಇಳಿಯುವಾಗ ಅದರ ಮುಂದೆ ಕಸಬರಿಗೆ ಆಡಿಸಿದರೆ ಬಾಗಿಲು ಹಿಂದಕ್ಕೆ ಹೋಗಬೇಕು. ಎರಡೂ ಸೇರಿ ಹತ್ತು ನಿಮಿಷದ ಕೆಲಸ. ರಿಜಿಸ್ಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಮ್ಮು. ತಿಂಗಳ ಕೊನೆಗೆ ಆ ವಿವರವನ್ನು ಒಂದು ಶೀಟಿಗಿಳಿಸಿ ಪ್ರತಿ ಗಿರಾಕಿಯ ವಾಟ್ಸಾಪಿಗೆ ಕಳಿಸುವುದು ಮಾಲೀಕರು ಮಾಡಿಟ್ಟ ನಿಯಮ.

ನಮ್ಮ ಹಿರಿಯ ಮೆಕ್ಯಾನಿಕ್ ಐವತ್ತು ದಾಟಿದವರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಎಲ್ಲೇ ಇರಲಿ, ಕೆಲಸ ಮುಗಿದ ಮೇಲೆ ಬಾಗಿಲ ಎದುರು ನಿಂತೇ ಫೋನ್ ಮಾಡುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಅವರ ಮಾತನ್ನು ಎರಡನೇ ಸಲ ಕೇಳುವ ಅಗತ್ಯ ಎಂದೂ ಬಿದ್ದಿರಲಿಲ್ಲ.

ಅದು ತಿಂಗಳ ಕೊನೆಯ ದಿನ, ಮಧ್ಯಾಹ್ನ ಊಟದ ಹೊತ್ತು. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಒಂದು ಮನೆಯಿಂದ ಅಣ್ಣ ಫೋನ್ ಮಾಡಿದರು.

"ಇಲ್ಲಿ ಕರೆಂಟಿಲ್ಲ ಕಣಮ್ಮ. ಪರೀಕ್ಷೆ ಆಗ್ಲಿಲ್ಲ. ನಾಳೆ ಬಂದು ಮಾಡ್ತೀನಿ, ಹಂಗೇ ಬರ್ಕ."

"ಆಯ್ತಣ್ಣ" ಅಂದೆ.

ಇಪ್ಪತ್ತಕ್ಕೂ ಹೆಚ್ಚು ಶೀಟು ಕಳಿಸುವುದಿತ್ತು. ಒಂದು ಕಾಲಮ್ಮು ಖಾಲಿ ಬಿಟ್ಟರೆ ಗಿರಾಕಿ ಫೋನ್ ಮಾಡುತ್ತಾರೆ, ಮಾಲೀಕರು ಯಾಕೆಂದು ಕೇಳುತ್ತಾರೆ. ಹೇಗೂ ಅಣ್ಣ ನಾಳೆ ಹೋಗುತ್ತಾರಲ್ಲ ಅಂದುಕೊಂಡೆ. ಎರಡೂ ಕಾಲಮ್ಮಿಗೆ ರೈಟ್ ಗುರುತು ಹಾಕಿ ಶೀಟು ಕಳಿಸಿಬಿಟ್ಟೆ. ಆ ಹೊತ್ತು ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಈಗ ನೆನೆದರೆ ಅದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಮಾರನೇ ದಿನ ಬೆಳಿಗ್ಗೆ ಮಾಲೀಕರು ರಿಜಿಸ್ಟರ್ ತಿರುವಿ ನೋಡಿ ಅಣ್ಣನಿಗೆ ತಾವೇ ಫೋನ್ ಮಾಡಿದರು. "ಶ್ರೀರಾಂಪುರದ್ದು ಆಗೈತಲ್ಲ, ನೀವು ಸೀದಾ ಹಿರಿಯೂರಿಗೆ ಹೋಗ್ರಿ" ಅಂದರು. ಹೊಸದುರ್ಗದ ಕಡೆ ನಮ್ಮ ಇನ್ನೊಬ್ಬ ಮೆಕ್ಯಾನಿಕ್ ಇದ್ದರು. ಅವರೇ ಹೋಗಿ ಮುಗಿಸಿರಬೇಕೆಂದು ತಿಳಿದು ಅಣ್ಣ ಹಿರಿಯೂರಿನ ಬಸ್ಸು ಹತ್ತಿದರು. ಅದು ನನ್ನ ಕಿವಿಗೆ ಬೀಳಲಿಲ್ಲ; ಆವತ್ತು ನಾನು ಬಂದದ್ದು ತಡವಾಗಿ. ಆಮೇಲಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಶ್ರೀರಾಂಪುರದ ಆ ಮನೆಯ ಹಿರಿಯ ಹೆಂಗಸು ಕಾರ್ ಶೆಡ್ಡಿನ ಹೊಸ್ತಿಲ ಮೇಲೆ ಕುಳಿತು, ಬುಟ್ಟಿಯಲ್ಲಿದ್ದ ಕೊಬ್ಬರಿಯಲ್ಲಿ ಕೆಟ್ಟಿದ್ದನ್ನು ಆರಿಸುತ್ತಿದ್ದರು. ಮಗ ಕಾರು ತೆಗೆದುಕೊಂಡು ಹೋಗಿ ಸ್ವಲ್ಪ ಹೊತ್ತಾಗಿತ್ತು. ಸೊಸೆ ದಿನದಂತೆ ಅಡುಗೆಮನೆಯ ಗೋಡೆಯ ಮೇಲಿನ ಸ್ವಿಚ್ ಒತ್ತಿದಳು. ಅತ್ತೆ ಹೊಸ್ತಿಲಲ್ಲಿ ಕುಳಿತದ್ದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ಇಳಿದು ಅತ್ತೆಯ ಬಲ ಭುಜದ ಮೇಲೆ ಕೂತಿತು, ವಾಪಸ್ ಏರಲಿಲ್ಲ, ಒತ್ತುತ್ತಲೇ ಇತ್ತು. ಕೂಗು ಕೇಳಿ ಸೊಸೆ ಮತ್ತೆ ಸ್ವಿಚ್ ಒತ್ತುವಷ್ಟರಲ್ಲಿ ಭುಜದ ಮೂಳೆ ಮುರಿದಿತ್ತು.

ಸುದ್ದಿ ಬಂದಾಗ ನಾನು ರಿಜಿಸ್ಟರ್ ತೆರೆದೆ. ಆ ಎರಡು ಗುರುತುಗಳು ನನ್ನ ಕೈಬರಹದಲ್ಲಿದ್ದವು. ಮುಚ್ಚಿಟ್ಟೆ. ಯಾರಿಗೂ ಏನೂ ಹೇಳಲಿಲ್ಲ.

ವಾರದ ಮೇಲೆ ಆ ಮನೆಯ ಮಗ ಆಫೀಸಿಗೆ ಬಂದರು. ಮಾಲೀಕರು, ಅಣ್ಣ, ನಾನು ಮೂವರೂ ಇದ್ದೆವು. "ಕುಂತ್ಕಳ್ರಿ" ಎಂದು ಮಾಲೀಕರು ಕುರ್ಚಿ ಎಳೆದರು. ಅವರು ಕೂರಲಿಲ್ಲ. ಫೋನಿನಲ್ಲಿದ್ದ ಶೀಟನ್ನು ಮೇಜಿನ ಮೇಲಿಟ್ಟರು.

"ನಮ್ಮವ್ವ ಹೇಳ್ತಾಳೆ, ಒಬ್ರು ಬಂದಿದ್ರಂತೆ, ಕರೆಂಟಿರಲಿಲ್ಲವಂತೆ, ನಾಳೆ ಬರ್ತೀನಂತ ಮಜ್ಜಿಗೆ ಕುಡಿದು ಹೋದ್ರಂತೆ. ಆಮೇಲೆ ಯಾರೂ ಬಂದಿಲ್ಲ. ಹಂಗಾದ್ರೆ ಈ ರೈಟ್ ಎಲ್ಲಿಂದ ಬಂತು?"

ಮಾಲೀಕರು ಗಂಟಲು ಸರಿಮಾಡಿಕೊಂಡರು. "ಏಟಾದ ಮೇಲೆ ನಮ್ಮವರು ಹೋಗಿ ನೋಡಿದಾರಲ್ರಿ, ಕಣ್ಣು ಕೆಲಸ ಮಾಡದಂಗೆ ಅದರ ವೈರನ್ನ ಯಾರೋ ಜೋಡಿಸಿ ಕಟ್ಟಿದಾರೆ. ತಾಗಿದ್ರೂ ವಾಪಸ್ ಏರದಂಗೆ ಒತ್ತೋ ತಿರುಪನ್ನೂ ಬಿಗಿ ಮಾಡಿದಾರೆ. ಅದು ನಾವು ಮಾಡಿದ್ದಲ್ಲ."

"ಅಲ್ಲ. ಮೂಟೆ ತಗುಲಿ ಕಣ್ಣು ವಾರೆಯಾಗಿತ್ತು, ಬಾಗಿಲು ಇಳೀತಿರಲಿಲ್ಲ. ನಾನೇ ನಮ್ಮೂರ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿದೆ. ಅದು ನನ್ನ ತಪ್ಪು, ನಾನಿರೋಗಂಟ ಹೊತ್ಕಂಡಿರ್ತೀನಿ. ಆದ್ರೆ ನೀವು ಬಂದು ನೋಡಿದ್ರೆ ಅದು ಸಿಕ್ತಿತ್ತಲ್ರಿ. ಸ್ಟೇಷನ್ನಿಗೆ ಹೋಗೋದೋ ಬಿಡೋದೋ ಆಮೇಲಿನ ಮಾತು. ಆ ಬಾಗಿಲ ಮುಂದೆ ನಿಂತು ಸರಿ ಐತೆ ಅಂದೋರು ಯಾರು, ಅಷ್ಟು ಹೇಳ್ರಿ."

ಆಗ ಅಣ್ಣ ಗೋಡೆಯ ಪಕ್ಕದಿಂದ ಎರಡು ಹೆಜ್ಜೆ ಮುಂದೆ ಬಂದರು.

"ನಾನು. ಆಗೈತೆ ಅಂತ ನಾನೇ ಫೋನಲ್ಲಿ ಹೇಳಿದೆ. ಆಯಮ್ಮ ಬರ್ಕಂಡ್ಲು. ಆಯಮ್ಮಂದೇನೂ ಇಲ್ಲ."

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಆ ಒಂದು ಕ್ಷಣ ನನಗೆ ಹಗುರವಾಯಿತೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮಗ ಅಣ್ಣನ ಕಡೆ ನೋಡಿದ ನೋಟ ನನಗೆ ತಡೆಯಲಾಗಲಿಲ್ಲ. ಮಜ್ಜಿಗೆ ಕುಡಿದು ಹೋಗಿ ಸುಳ್ಳು ಹೇಳಿದವನನ್ನು ನೋಡುವ ನೋಟ ಅದು.

"ಅವರು ಹಂಗಂದಿಲ್ಲ" ಅಂದೆ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು. "ಪರೀಕ್ಷೆ ಆಗಿಲ್ಲ ಅಂತ ಸರಿಯಾಗೇ ಹೇಳಿದ್ರು. ಆಗೈತೆ ಅಂತ ಹಾಕಿದ್ದು ನಾನು. ಆ ಗುರುತು ನೋಡೇ ಮಾರನೇ ದಿನ ಅವರನ್ನ ಬೇರೆ ಕಡೆ ಕಳಿಸಿದ್ದು."

ಮಾಲೀಕರು ತಲೆ ತಗ್ಗಿಸಿದರು. ಮಗ ಬಹಳ ಹೊತ್ತು ನನ್ನನ್ನೇ ನೋಡಿದರು. ಬೈಯಬಹುದೆಂದು ಕಾದೆ. ಅವರು ಕುರ್ಚಿಯಲ್ಲಿ ಕುಸಿದಂತೆ ಕೂತು, "ನಮ್ಮನೆಯೋಳು ಆವತ್ತಿಂದ ಆ ಅಡುಗೆಮನೆಗೆ ಕಾಲಿಟ್ಟಿಲ್ಲಮ್ಮ" ಎಂದಷ್ಟೇ ಹೇಳಿದರು.

ಅಣ್ಣ ನನ್ನ ಜೊತೆ ಕೆಲವು ದಿನ ಮಾತಾಡಲಿಲ್ಲ. ಒಂದು ಸಂಜೆ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದುಬಂದರು.

"ನಂಗೆ ಕೆಲಸ ಹೋದ್ರೆ ಎಲ್ಲಾದ್ರೂ ಸಿಗತೈತೆ, ನಿಂಗೆ ಕಷ್ಟ ಅಂತ ಹಂಗಂದೆ. ಅದು ಬಿಡು. ನಾನು ಆಗಿಲ್ಲ ಅಂತ ಹೇಳಿದ ಮೇಲೂ ಯಾಕಮ್ಮ ಹಾಕ್ದೆ?"

ದೊಡ್ಡದೊಂದು ಕಾರಣವಿದ್ದಿದ್ದರೆ ಚೆನ್ನಾಗಿತ್ತು. "ಶೀಟು ತುಂಬಬೇಕಿತ್ತಣ್ಣ" ಅಂದೆ. ತುರುವನೂರಿನ ಬಸ್ಸು ಹೊರಡುವವರೆಗೂ ಅಣ್ಣ ನನ್ನ ಪಕ್ಕದಲ್ಲೇ ನಿಂತಿದ್ದರು.

ಮಾಲೀಕರು ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಆ ಮಗ ಸ್ಟೇಷನ್ನಿಗೂ ಹೋಗಲಿಲ್ಲ. ಪರೀಕ್ಷೆ ಮಾಡುವಾಗ ಮನೆಯವರೊಬ್ಬರು ಎದುರಿಗಿರಬೇಕು, ಅವರ ಸಹಿ ಇಲ್ಲದೆ ರಿಜಿಸ್ಟರಿಗೆ ಏರಿಸಬಾರದು ಎಂದು ಆ ಮಗನೇ ಹೇಳಿದ್ದು. ಈಗ ಎಲ್ಲ ಊರಿನ ಎಲ್ಲ ಬಾಗಿಲಿಗೂ ಹಾಗೆಯೇ ಮಾಡುತ್ತೇವೆ. ಕರೆಂಟಿಲ್ಲದಿದ್ದರೆ "ಆಗಿಲ್ಲ" ಎಂದು ಬರೆದು, ಆ ದಿನವೇ ಮನೆಯವರಿಗೆ ಫೋನ್ ಮಾಡಿ ಪರೀಕ್ಷೆ ಆಗುವವರೆಗೆ ಬಾಗಿಲನ್ನು ಕೈಯಿಂದಲೇ ಎಳೆದು ಹಾಕಿಕೊಳ್ಳಲು ಹೇಳುತ್ತೇನೆ. ಕೆಲವರು ಸಿಡುಕುತ್ತಾರೆ. ಸಿಡುಕಲಿ.

ಎರಡು ತಿಂಗಳ ಮೇಲೆ ಶ್ರೀರಾಂಪುರಕ್ಕೆ ಅಣ್ಣನ ಜೊತೆ ನಾನೂ ಹೋದೆ. ಆವತ್ತಿನಿಂದ ಬಾಗಿಲನ್ನು ಇಳಿಸಿಯೇ ಇರಲಿಲ್ಲ. ಅಣ್ಣ ವೈರು ಬಿಚ್ಚಿ, ಹೊಸ ಕಣ್ಣು ಕೂರಿಸಿ, ತಿರುಪು ಸಡಿಲಿಸಿ, ಹಲಗೆ ಇಟ್ಟು ಪರೀಕ್ಷೆ ಮಾಡಿದರು. ಸೊಸೆ ದೂರದಲ್ಲೇ ನಿಂತು ನೋಡಿದಳು. ಬಾಗಿಲು ಹಲಗೆಗೆ ತಾಗಿ ಮೇಲೇರಿದಾಗ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಹಿ ಹಾಕಿದ್ದು ಅವಳೇ.

ನಾನು ಒಳಗೆ ಹೋದೆ. ಆ ಹೆಂಗಸು ಕಿಟಕಿಯ ಹತ್ತಿರ ಕುಳಿತಿದ್ದರು.

"ಅಮ್ಮ, ಆ ಗುರುತು ಹಾಕಿದ್ದು ನಾನು" ಅಂದೆ.

"ಗೊತ್ತೈತೆ. ನನ್ ಮಗ ಹೇಳಿದ" ಎಂದು ಎಡಗೈಯಿಂದ ಬಲ ಭುಜ ಸವರಿಕೊಂಡರು. "ಏನೂ ಆಗ್ಲಿಲ್ಲ ಬಿಡು ಅಂತ ನಿಂಗೆ ಅನ್ನಕ್ಕೆ ನಂಗೆ ಮನಸ್ಸಿಲ್ಲಮ್ಮ. ಆಗೈತೆ. ಈ ಕೈ ತಲೆಗಂಟ ಏರಲ್ಲ. ಆದ್ರೆ ಬಂದು ಹೇಳ್ದಲ್ಲ. ಕುಂತ್ಕ."

ಕುಳಿತೆ. ಅಷ್ಟರಲ್ಲಿ ಸೊಸೆ ಬಾಚಣಿಗೆ, ಎಣ್ಣೆ ಹಿಡಿದು ಬಂದಳು. ಅತ್ತೆಯ ಹಿಂದೆ ಕುಳಿತು ತೆಳ್ಳಗಿನ ಬಿಳಿ ಕೂದಲನ್ನು ಬಿಡಿಸಿ, ನಿಧಾನವಾಗಿ ಬಾಚಿ, ತುರುಬು ಕಟ್ಟತೊಡಗಿದಳು. "ಬಿಗಿ ಆಯ್ತೇನತ್ತೆ?" ಎಂದು ಅವಳು ಒಮ್ಮೆ ಕೇಳಿದಳು. "ಇಲ್ಲ, ಸರಿಯಾಗೈತೆ" ಎಂದರು ಅವರು.