ಕಾಲಿಗೆ ತಿಳಿಯದ ಹೊಳೆ

ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಲಕ್ಕಿಗೆ ಕಣ್ಣು ಬೇಕಿರಲಿಲ್ಲ. ತದಡಿಯಿಂದ ಮೇಲಕ್ಕೆ, ಅಘನಾಶಿನಿ ಹೊಳೆ ಅಗಲವಾಗಿ ಹರಡಿಕೊಳ್ಳುವ ಕಡೆ ಅವಳ ಕೇರಿ. ಇಳಿತದ ಹೊತ್ತಿಗೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದರೆ ಆಯಿತು. ಪಾದ ಕೆಸರಿನಲ್ಲಿ ತಡಕಾಡುತ್ತ ಹೋಗುತ್ತಿತ್ತು, ಚಿಪ್ಪು ತಾಗಿದಲ್ಲಿ ನಿಲ್ಲುತ್ತಿತ್ತು, ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಅದೇನು ದೊಡ್ಡ ವಿದ್ಯೆಯಲ್ಲ, ಕೇರಿಯ ಹೆಂಗಸರಿಗೆಲ್ಲ ಬರುತ್ತದೆ. ಆದರೆ ಮಗಳು ತೀರಿಕೊಂಡ ಮೇಲೆ ಲಕ್ಕಿ ಹೊಳೆಗೆ ಹೋಗುತ್ತಿದ್ದುದು ಬಳಚಿಗಾಗಿ ಅಲ್ಲ.

ಮಗಳ ಹೆಸರು ಧನ್ಯಾ. ಕುಮಟೆಯ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, ಕಾಮಾಲೆಯಾಗಿ ಮಲಗಿದವಳು ಏಳಲೇ ಇಲ್ಲ. ಬಂದವರೆಲ್ಲ ಸಮಾಧಾನ ಹೇಳಿದರು. ಹೇಳುವವರಿಗೇನು, ಚಹಾ ಕುಡಿದು ಎದ್ದು ಹೋಗುತ್ತಾರೆ. ಗಂಡ ತಿಮ್ಮ ಅಂದಿನಿಂದ ಮಗಳ ಹೆಸರೆತ್ತಲಿಲ್ಲ. ಬೇರೆ ಯಾರಾದರೂ ಎತ್ತಿದರೆ ಎದ್ದು ಹೊರಗೆ ನಡೆಯುತ್ತಿದ್ದ. ಮನೆಯೊಳಗಿದ್ದರೆ ಲಕ್ಕಿಯ ಎದೆ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಹೊಳೆಗಿಳಿದು, ತಣ್ಣನೆಯ ಕೆಸರು ಬೆರಳ ಸಂದಿಯಿಂದ ಮೇಲೆ ಬಂದು ಪಾದವನ್ನು ಮುಚ್ಚಿದರೆ ಮಾತ್ರ ಉಸಿರು ಹದಕ್ಕೆ ಬರುತ್ತಿತ್ತು. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಬುಟ್ಟಿ ಅರ್ಧ ತುಂಬದಿದ್ದರೂ ನೀರು ಏರುವ ತನಕ ಅಲ್ಲೇ ನಿಂತಿರುತ್ತಿದ್ದಳು.

“ಹೊಳಿಯಲ್ಲಿ ಎಂತ ಇಟ್ಟಿದ್ಯೆ?” ಎಂದು ತಿಮ್ಮ ರೇಗುತ್ತಿದ್ದ. “ಮನಿ ಅಂಬೂದು ಒಂದು ಅದೆ, ನೆನಪದ್ಯಾ?”

ಲಕ್ಕಿ ಬುಟ್ಟಿ ಎತ್ತಿಕೊಂಡು ಹೊರಡುತ್ತಿದ್ದಳು.

ಆಮೇಲೆ ಪಾದಕ್ಕೆ ಜೋಮು ಹಿಡಿಯತೊಡಗಿತು. ಪಕ್ಕದ ಮನೆಯ ಜಯಂತಿ ಒತ್ತಾಯ ಮಾಡಿ ಕುಮಟೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಪಾದಕ್ಕೆ ಸೂಜಿ ಚುಚ್ಚುತ್ತಿದ್ದರೆ ಲಕ್ಕಿ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು.

“ಶುಗರ್ ಜಾಸ್ತಿಯಾಗಿ ಪಾದದ ನರ ಸತ್ತಿದೆ ಅಮ್ಮ. ಇನ್ನು ಬರಿಗಾಲಲ್ಲಿ ಹೊಳೆಗೆ ಇಳಿಯಬೇಡಿ. ಚಿಪ್ಪು ಕುಯ್ದರೆ ನಿಮಗೆ ಗೊತ್ತೇ ಆಗೋದಿಲ್ಲ” ಎಂದರು ಅವರು.

ತಿಮ್ಮ ಪೇಟೆಯಿಂದ ಗಮ್ ಬೂಟು ತಂದುಕೊಟ್ಟ. ಅದನ್ನು ಹಾಕಿಕೊಂಡು ಹೊರಟವಳನ್ನು ನೋಡಿ ಜಯಂತಿ, “ಎಂತದೆ ಲಕ್ಕಿ, ಪೊಲೀಸ್ ಭರ್ತಿಗೆ ಹೊಂಟ್ಯಾ?” ಎಂದು ಕಾಲೆಳೆದಳು. ಲಕ್ಕಿಯೂ ನಕ್ಕಳು. ಆದರೆ ಬೂಟಿನಲ್ಲಿ ನಿಂತರೆ ಹೊಳೆಯಲ್ಲಿ ನಿಂತಂತೆಯೇ ಆಗಲಿಲ್ಲ, ಎದೆ ಮನೆಯಲ್ಲಿ ಹೊಡೆದುಕೊಂಡ ಹಾಗೆಯೇ ಅಲ್ಲೂ ಹೊಡೆದುಕೊಂಡಿತು. ಮರುದಿನದಿಂದ ಬೂಟನ್ನು ದಡದ ಪೊದೆಯಲ್ಲಿ ಅಡಗಿಸಿಟ್ಟು ಬರಿಗಾಲಲ್ಲೇ ಇಳಿದಳು. ಪಾದಕ್ಕೆ ತಿಳಿಯದಿದ್ದರೂ ಮೀನಖಂಡಕ್ಕೆ ನೀರಿನ ತಂಪು ಇನ್ನೂ ತಿಳಿಯುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು.

ಒಂದು ದಿನ ಎಡ ಅಂಗಾಲನ್ನು ಚಿಪ್ಪು ಸೀಳಿತು. ಮನೆಯ ಮೆಟ್ಟಿಲ ಮೇಲೆ ರಕ್ತ ಕಂಡ ಮೇಲೆಯೇ ಅವಳಿಗೆ ಗೊತ್ತಾದದ್ದು. ಬಳಚು ಹೆಕ್ಕುವವರು ಇಂಥದ್ದಕ್ಕೆಲ್ಲ ಆಸ್ಪತ್ರೆಗೆ ಓಡುವುದಿಲ್ಲ. ಚಿಪ್ಪು ಸುಟ್ಟ ಸುಣ್ಣಕ್ಕೆ ಅರಿಸಿನ ಕಲಸಿ ಒತ್ತುತ್ತಾರೆ. ಮೊದಲ ದಿನ ಪ್ರಾಣ ಹೋಗುವಷ್ಟು ಉರಿಯುತ್ತದೆ. ಉರಿ ನಿಂತಿತೆಂದರೆ ಗಾಯ ಮಾಗಿತೆಂದು ಲೆಕ್ಕ. ಲಕ್ಕಿ ಸುಣ್ಣ ಒತ್ತಿದಳು. ಒಂದಿಷ್ಟೂ ಉರಿಯಲಿಲ್ಲ. ಗಾಯ ದೊಡ್ಡದೇನಲ್ಲ ಎಂದುಕೊಂಡು ಬಟ್ಟೆ ಸುತ್ತಿ ಮತ್ತೆ ಹೊಳೆಗೆ ಹೋದಳು. ದಿನಾ ಒತ್ತಿದಳು, ದಿನಾ ಉರಿಯಲಿಲ್ಲ. ಕೊನೆಗೆ ವಾಸನೆ ಬಂದು ತಿಮ್ಮ ಬಟ್ಟೆ ಬಿಚ್ಚಿ ನೋಡಿದಾಗ ಕಾಲು ಕಪ್ಪಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮನೆಗೆ ಬಂದ ಲಕ್ಕಿ ಗೋಡೆಗೆ ಮುಖ ಮಾಡಿ ಮಲಗಿದಳು. ಮಳೆಗಾಲ ಕಳೆಯಿತು. ತಿಮ್ಮ ಗಂಜಿ ಕಾಯಿಸಿ ಕುಡಿಸಿದರೆ ಕುಡಿಯುವಳು, ಇಲ್ಲದಿದ್ದರೆ ಅದೂ ಇಲ್ಲ.

“ಅದನ್ನ ಒಂದ್ಸಲ ಹೊಳಿಗೆ ಕರ್ಕಂಡು ಹೋಗು ತಿಮ್ಮಣ್ಣ,” ಎಂದಳು ಜಯಂತಿ. “ಹಿಂಗೇ ಬಿಟ್ರೆ ಉಳೂದಿಲ್ಲ.”

“ಇನ್ನೊಂದು ಕಾಲೂ ಹೋಗಬೇಕಾ?” ಎಂದು ತಿಮ್ಮ ಕೂಗಾಡಿದ. ಆದರೂ ಮಾರನೆಯ ಇಳಿತಕ್ಕೆ ಹೆಂಡತಿಯನ್ನು ಎತ್ತಿಕೊಂಡು ಹೋಗಿ ದೋಣಿಯಲ್ಲಿ ಕೂರಿಸಿದ. ಹೊಳೆಯ ನಡುವೆ ನೀರಿಳಿದು ಕೆಸರು ಕಾಣುವ ಕಡೆ ದೋಣಿ ನಿಲ್ಲಿಸಿ ತಾನು ಕೆಳಗಿಳಿದ. ಅಷ್ಟಗಲ ಜಾಗವನ್ನು ಎರಡೂ ಕೈಯಿಂದ ಬಗೆದು, ಸಿಕ್ಕ ಚಿಪ್ಪನ್ನೆಲ್ಲ ಹೆಕ್ಕಿ ದೂರ ಎಸೆದ. ಅಂಗೈ ಕುಯ್ದು ರಕ್ತ ಬರುತ್ತಿದ್ದುದನ್ನು ಲಕ್ಕಿ ನೋಡಿದಳು, ಅವನು ನೋಡಲಿಲ್ಲ. ಆಮೇಲೆ ದೋಣಿಯ ಅಂಚಿನಲ್ಲಿ ಕೂತಿದ್ದ ಅವಳ ಬಲಗಾಲನ್ನು ಹಿಡಿದು ಮೆಲ್ಲಗೆ ಕೆಸರಿಗಿಳಿಸಿ, ಮೇಲೆ ಇನ್ನಷ್ಟು ಕೆಸರು ಎಳೆದು ಮುಚ್ಚಿದ.

“ತಂಪು ಗೊತ್ತಾಗ್ತದ್ಯನೆ?”

ಲಕ್ಕಿಗೆ ಏನೂ ಗೊತ್ತಾಗಲಿಲ್ಲ. ಮೀನಖಂಡಕ್ಕೂ ಈಗ ಜೋಮು ಏರಿತ್ತು. ಅದು ಅವನಿಗೆ ತಿಳಿದಿರಲಿಲ್ಲ.

“ಧನ್ಯಾ ಸಣ್ಣದಿರುವಾಗ ಹೀಂಗೇ ಕಾಲು ಹುಗ್ದುಕಂಡು ಕೂರ್ತಿತ್ತು,” ಎಂದ ತಿಮ್ಮ. ಎಂದವನೇ ಅವಳ ಮೊಣಕಾಲಿಗೆ ಹಣೆ ಒತ್ತಿ ಅಳತೊಡಗಿದ. ಮಗಳು ಸತ್ತ ದಿನವೂ ಅವನು ಹೀಗೆ ಅತ್ತಿರಲಿಲ್ಲ. ಲಕ್ಕಿ ಅವನ ತಲೆಯ ಮೇಲೆ ಕೈಯಿಟ್ಟಳು.

ಎಷ್ಟೋ ಹೊತ್ತಿನ ಮೇಲೆ ಮುಖ ಎತ್ತಿ ಮತ್ತೆ ಕೇಳಿದ, “ಗೊತ್ತಾಗ್ತದ್ಯಾ?”

“ಗೊತ್ತಾಗ್ತದೆ,” ಎಂದಳು ಲಕ್ಕಿ. “ಇನ್ನೂ ಸ್ವಲ್ಪ ಹೊತ್ತು ಇರಲಿ.”

ನೀರು ಏರುವ ತನಕ ತಿಮ್ಮ ಆ ಕಾಲನ್ನು ಹಿಡಿದುಕೊಂಡೇ ನಿಂತಿದ್ದ.