ಚನಿಯಪ್ಪನ ಗೆರಟೆ

ಕುಂಬ್ರದ ಹತ್ತಿರದ ಆ ಗೌಡರ ಮನೆತನದಲ್ಲಿ ಬಿ.ಎ. ಪಾಸಾದವನು ಕುಕ್ಕಪ್ಪನೊಬ್ಬನೇ. ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ೧೯೬೧ರಲ್ಲಿ ಶಾಲೆಯ ಹಿಂದಿನ ಕೋಣೆ ಖಾಲಿಯಾದಾಗ ಹೆಡ್ಮಾಸ್ಟರರ ಬೆನ್ನು ಬಿದ್ದು ಅಲ್ಲೊಂದು ವಸ್ತುಸಂಗ್ರಹಾಲಯ ಮಾಡಿದ. ಕಡಬದಿಂದ ತಾಳೆಗರಿಯ ಕಟ್ಟು, ಸುಳ್ಯದಿಂದ ತುಕ್ಕು ಹಿಡಿದ ಕತ್ತಿ, ಯಾರದೋ ಅಟ್ಟದಿಂದ ಮರದ ಮರಿಗೆ, ಎಲ್ಲವನ್ನೂ ಬಸ್ಸಿನ ಮೇಲೆ ಹೇರಿಸಿ ತಂದ. ಒಂದೊಂದಕ್ಕೂ ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದ.

ಕೊನೆಯ ಕಪಾಟಿನಲ್ಲಿ ಒಂದು ಗೆರಟೆ, ತೆಂಗಿನಕಾಯಿಯ ಅರ್ಧ ಚಿಪ್ಪು, ಇತ್ತು. ತನ್ನ ಮನೆಯ ದನದ ಹಟ್ಟಿಯ ಮಾಡಿನಲ್ಲಿ ಸಿಕ್ಕಿಸಿಟ್ಟದ್ದನ್ನು ಬೆಳಗ್ಗೆ ಬಸ್ಸಿಗೆ ಓಡುವ ಅವಸರದಲ್ಲಿ ಎಳೆದು ತಂದಿದ್ದ. ಆ ಚೀಟಿಯ ಮೇಲೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆ.

ಸಂತೆಯ ದಿನ ಚನಿಯಪ್ಪ ವೀಳ್ಯದೆಲೆ ಮಾರಿ ಶಾಲೆಯ ಬಾಗಿಲಿಗೆ ಬಂದ. ಕುಕ್ಕಪ್ಪನ ತಂದೆಯ ಕಾಲದಿಂದ ಅವರ ಗದ್ದೆಯಲ್ಲಿ ದುಡಿಯುವವನು. ಕೋಣೆಯಲ್ಲಿ ಹೆಡ್ಮಾಸ್ಟರರೂ ನಾಲ್ಕಾರು ಊರವರೂ ಇದ್ದರು.

"ಒಳಗೆ ಬಾ ಚನಿಯಪ್ಪ, ಇಲ್ಲಿ ಯಾರು ಬೇಕಾದರೂ ಬರಬಹುದು," ಎಂದು ಕುಕ್ಕಪ್ಪ ಎಲ್ಲರಿಗೂ ಕೇಳುವಂತೆ ಕರೆದ.

ಚನಿಯಪ್ಪ ಕೈಕಟ್ಟಿ ಒಂದೊಂದೇ ನೋಡುತ್ತ ಬಂದು ಕೊನೆಯ ಕಪಾಟಿನ ಮುಂದೆ ನಿಂತುಬಿಟ್ಟ. "ಇದರಲ್ಲಿ ಎಂತ ಬರ್ದದ್ದು, ಸಣ್ಣ ಧಣಿ?"

ಕುಕ್ಕಪ್ಪ ಪಾಠದ ದನಿಯಲ್ಲಿ ಓದಿದ: "ಹಿಂದಿನ ಕಾಲದಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಲೋಟ ಮುಟ್ಟಲು ಬಿಡದೆ ಇದರಲ್ಲಿ ನೀರು ಹೊಯ್ಯುತ್ತಿದ್ದರು."

ಚನಿಯಪ್ಪ ಗಾಜಿಗೆ ಮೂಗು ತಾಗಿಸಿ ನೋಡಿದ. ಮುಖ ಅರಳಿತು.

"ಇದು ನಂದೇ ಅಲ್ವಾ ಧಣಿ! ಅಂಚಿನಲ್ಲಿ ಒಡ್ಕು ಉಂಟು, ನೋಡಿ. ಮೂರು ದಿನ ಆಯ್ತು ಹುಡುಕಿ. ಸೇವಂತಿಯಮ್ಮ ಕಾಫಿ ಹೊಯ್ದದ್ದು ಬೊಗಸೆಗೆ. ಕೈ ಸುಟ್ಟು ಹೋಯ್ತು ಮಾರಾಯ್ರೆ!" ಎಂದು ನಕ್ಕ.

ಯಾರೂ ನಗಲಿಲ್ಲ. ಹೆಡ್ಮಾಸ್ಟರರು ಕತ್ತಿಯ ಕಡೆಗೆ ತಿರುಗಿ ನಿಂತರು. ಸೇವಂತಿಯಮ್ಮ ಕುಕ್ಕಪ್ಪನ ತಾಯಿ; ಅದು ಅಲ್ಲಿದ್ದವರಿಗೆಲ್ಲ ಗೊತ್ತು.

"ಕೊಂಡು ಹೋಗ್ತಿಯಾ?" ಎಂದು ಕೇಳಿದ ಕುಕ್ಕಪ್ಪನಿಗೆ ತನ್ನ ಮಾತೇ ಅಸಹ್ಯವೆನಿಸಿತು.

"ಇರ್ಲಿ ಧಣಿ, ಮಕ್ಕಳು ನೋಡ್ಲಿ. ನಂಗೆ ಬೇರೆ ಗೆರಟೆ ಇಲ್ವಾ?"

ಇವತ್ತು ಲೋಟದಲ್ಲೇ ಕೊಡುತ್ತೇನೆ ಎಂದು ಕುಕ್ಕಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಸಂಜೆ ಕಾಫಿಯ ಲೋಟ ಹಿಡಿದು ತಾನೇ ಅಂಗಳಕ್ಕಿಳಿದ. ಚನಿಯಪ್ಪ ಹಟ್ಟಿಯ ಬಳಿ ಕೂತು ಹೊಸ ಗೆರಟೆಯ ನಾರು ಹೆರೆಯುತ್ತಿದ್ದ. ಸಣ್ಣ ಧಣಿಯನ್ನು ಕಂಡು ಎದ್ದು ಅದನ್ನೇ ಮುಂದೆ ಹಿಡಿದ.

"ಎಂತ ಕುಕ್ಕಪ್ಪ?" ಎಂದರು ಬಾಗಿಲಲ್ಲಿ ನಿಂತ ತಾಯಿ. ಅಷ್ಟೇ.

ಅವನ ಕೈ ಲೋಟವನ್ನು ಒಂದು ಗೇಣು ಎತ್ತರಕ್ಕೆ ಎತ್ತಿತು, ಬಾಗಿಸಿತು. ಕಾಫಿ ಗೆರಟೆಗೆ ಬಿತ್ತು, ಒಂದು ಹನಿಯೂ ಹೊರಗೆ ಚೆಲ್ಲದೆ. ಅಷ್ಟು ಚೆನ್ನಾಗಿ ಅಭ್ಯಾಸವಿತ್ತು ಆ ಕೈಗೆ.

ಮರುದಿನ ಅವನು ಆ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಬೇರೆ ಬರೆಯಲು ಎಷ್ಟೋ ಸಲ ಕುಳಿತದ್ದುಂಟು. ಅವನು ಆ ಶಾಲೆಯಲ್ಲಿದ್ದಷ್ಟು ಕಾಲ ಗೆರಟೆ ಚೀಟಿಯಿಲ್ಲದೆ ಅಲ್ಲೇ ಇತ್ತು. ನೋಡಲು ಬಂದವರು ಇದೇನು ಎಂದು ಕೇಳಿದರೆ ಕುಕ್ಕಪ್ಪ ಮರಿಗೆಯ ವಿಷಯ ತೆಗೆಯುತ್ತಿದ್ದ.