ಭಾವ, ಭಾವಮೈದುನ ಮತ್ತು ಮೂರು ಪದ ಅಳಿಸುವ ಬಗೆ

ಆಫೀಸಿನಲ್ಲಿ ಅವನಿಗೆ ಇಲಿವೈರಿ ಎಂದು ಅಡ್ಡಹೆಸರು. ಪ್ರೋಗ್ರಾಂ ಬರೆಯುವುದು ಕಸುಬು. ಆದರೆ ಮೌಸನ್ನು ಡ್ರಾಯರಿಗೆ ತುರುಕಿ, ಎಲ್ಲವನ್ನೂ ಕೀಬೋರ್ಡಿನಲ್ಲೇ ಮಾಡುವ ಆಸಾಮಿ. ಪ್ರೋಗ್ರಾಂ ಬರೆಯಲು ಅವನು ಬಳಸುವ ಎಡಿಟರ್ ತಂತ್ರಾಂಶದಲ್ಲಿ ಮೂರು ಪದ ಅಳಿಸಬೇಕೆಂದರೆ ಮೊದಲು ‘ಅಳಿಸು’ ಎನ್ನುವ ಕೀಲಿ ಒತ್ತಬೇಕು, ಆಮೇಲೆ ‘ಮೂರು ಪದ’ ಎನ್ನಬೇಕು. ಯಜಮಾನನಾದವನು ಅಪ್ಪಣೆ ಕೊಡುವುದು ಹೀಗೆಯೇ ಎಂದು ಅವನ ನಂಬಿಕೆ. ಮನೆಯಲ್ಲಿ ಅವನ ಅಪ್ಪಣೆಯನ್ನು ಯಾರೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ಹೆಂಡತಿಯ ತಮ್ಮನದೂ ಅದೇ ಆಫೀಸು, ಅದೇ ಕಸುಬು, ಪಕ್ಕದ ಮೇಜು. ಎಡಿಟರು ಮಾತ್ರ ಬೇರೆ. ಅದರಲ್ಲಿ ಮೊದಲು ಪದಗಳಿಗೆ ಗುರುತು ಹಾಕಬೇಕು. ಅವು ಬಣ್ಣ ತಿರುಗಿದ್ದನ್ನು ಕಣ್ಣಾರೆ ಕಂಡ ಮೇಲೆ ‘ಅಳಿಸು’ ಎನ್ನಬೇಕು. ಪ್ರತಿ ಭಾನುವಾರ ಅಕ್ಕನ ಮನೆಯ ಊಟದಲ್ಲಿ ಇದೇ ರಾಮಾಯಣ.

“ನೋಡದೇನೇ ಕತ್ತರಿ ಹಾಕ್ತೀರಲ್ಲ ಭಾವ, ಕೈ ತಪ್ಪಿದ್ರೆ?”

“ತಪ್ಪೋ ಕೈ ಇರೋರು ನೋಡ್ಕೊಂಡು ಕೂತ್ಕೊಳ್ಳಿ. ನಂಗೆ ಕೆಲ್ಸ ಇದೆ.”

“ಚಾಕು ಮೊದ್ಲು ತಗೊಳ್ತೀರೋ ಸೌತೆಕಾಯಿ ಮೊದ್ಲು ತಗೊಳ್ತೀರೋ, ಹೆಚ್ಚಿ ಕೊಟ್ರೆ ಸಾಕು,” ಎಂದಳು ಹೆಂಡತಿ ಒಮ್ಮೆ. ಇಬ್ಬರೂ ಆ ಪ್ರಶ್ನೆಯನ್ನೇ ಎತ್ತಿಕೊಂಡು ಊಟ ಮುಗಿಯುವವರೆಗೆ ವಾದಿಸಿದರು. ಸೌತೆಕಾಯಿಯನ್ನು ಅವಳೇ ಹೆಚ್ಚಿಕೊಂಡಳು.

ಭಾವನ ಕೈ ಒಮ್ಮೆ ತಪ್ಪಿದ್ದೂ ಉಂಟು. ಅವಸರದಲ್ಲಿ ಪದಗಳ ಲೆಕ್ಕಕ್ಕೆ ಒಂದು ಅಂಕಿ ಹೆಚ್ಚಾಗಿ ಒತ್ತಿದ್ದರಿಂದ ಅರ್ಧ ಪುಟ ಮಾಯವಾಯಿತು. ಒಂದೇ ಕೀಲಿ ಒತ್ತಿದ್ದರೆ ವಾಪಸ್ ಬರುತ್ತಿತ್ತು. ಆದರೆ ಪಕ್ಕದ ಮೇಜಿನಿಂದ ಭಾವಮೈದುನ ಇತ್ತಲೇ ನೋಡುತ್ತಿದ್ದ! “ಬೇಡವಾಗಿತ್ತು, ತೆಗೆದೆ,” ಎಂದು ಗಂಟಲು ಸರಿಮಾಡಿಕೊಂಡು, ಅಷ್ಟನ್ನೂ ನೆನಪಿನಿಂದಲೇ ಮತ್ತೆ ಟೈಪು ಮಾಡಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ನಾಲ್ಕನೆಯ ಕಾಲನ್ನು ಬಚ್ಚಿಡುವುದಕ್ಕೂ ಕಷ್ಟಪಡಬೇಕಾಗುತ್ತದೆ.

ನಿಜ ಹೇಳಬೇಕೆಂದರೆ, ಭಾವಮೈದುನನ ಹೊರತು ಬೇರೆ ಯಾರ ಜೊತೆಗೂ ಅವನಿಗೆ ನಾಲ್ಕು ಮಾತು ಹೊಂದುತ್ತಿರಲಿಲ್ಲ. ವಾರವಿಡೀ ವಾದ ಮಸೆದುಕೊಂಡು ಭಾನುವಾರಕ್ಕೆ ಕಾಯುತ್ತಿದ್ದ. ಇವನೊಬ್ಬನನ್ನು ಒಪ್ಪಿಸಿಬಿಟ್ಟರೆ ಜನ್ಮ ಸಾರ್ಥಕ ಎಂದುಕೊಂಡಿದ್ದ, ಪಾಪ.

ಭಾವಮೈದುನ ಮ್ಯಾನೇಜರ್ ಆದ. ಗಾಜಿನ ಕೋಣೆ ಸಿಕ್ಕಿತು, ದಿನವಿಡೀ ಮೀಟಿಂಗು. ಮುಂದಿನ ಭಾನುವಾರ ತಡವಾಗಿ ಬಂದು, ಫೋನಿನ ಮೇಲೆ ಕಣ್ಣಿಟ್ಟು ಊಟಕ್ಕೆ ಕೂತ. ಭಾವ ಹೊಸ ಮಾದರಿಯ ವಾದವೊಂದನ್ನು ಹೂಡಿದ.

“ನೀವೇ ಸರಿ ಭಾವ. ಒಪ್ಕೊಂಡೆ.”

ಭಾವನ ತುತ್ತು ಕೈಯಲ್ಲೇ ಉಳಿಯಿತು. “ಯಾಕೆ?”

“ನಾನೀಗ ಎಡಿಟರ್ ತೆಗೆಯೋದೇ ಇಲ್ವಲ್ಲ. ನೀವೇ ಗೆದ್ಕೊಳ್ಳಿ.”

ಇಷ್ಟು ಅಗ್ಗದ ಗೆಲುವು ಭಾವನಿಗೆ ಬೇಕಿರಲಿಲ್ಲ. “ಅಲ್ಲಯ್ಯಾ, ಹಾಗಲ್ಲ,” ಎಂದ ಗಾಬರಿಯಿಂದ, “ಮೊದ್ಲು ಗುರುತು ಹಾಕೋದ್ರಲ್ಲೂ ನ್ಯಾಯ ಇದೆ. ಹೊಸಬರಿಗೆ ಅದೇ ಸುಲಭ. ಬೇರೆಯವರ ಕೋಡ್ ತಿದ್ದೋವಾಗಂತೂ…”

ಬಡಿಸುತ್ತಿದ್ದ ಹೆಂಡತಿ ನಿಂತು ಗಂಡನ ಮುಖ ನೋಡಿದಳು. ತಮ್ಮನ ಫೋನು ಬಡಿದುಕೊಂಡಿತು.

“ಎರಡೂ ಒಂದೇ ಬಿಡಿ, ಭಾವ,” ಎನ್ನುತ್ತಾ ಅವನು ಎದ್ದು ಬಾಲ್ಕನಿಗೆ ಹೋದ.

ಭಾವ ತಟ್ಟೆಯ ಮುಂದೆ ಹಾಗೇ ಕೂತಿದ್ದ. ಹೇಳುವುದಕ್ಕೆ ಅವನ ಬಳಿ ಇನ್ನೂ ಎರಡು ಒಳ್ಳೆಯ ವಾದಗಳಿದ್ದವು, ಎರಡೂ ತನ್ನ ವಿರುದ್ಧವೇ.